ಜಕಾರ್ತದ ನಿರ್ಧಾರ, ಸುಳ್ಯದ ತೋಟ

ಸಮಾಜ ವಿಜ್ಞಾನದ ಪುಸ್ತಕದಲ್ಲಿ 'ವಿದೇಶಾಂಗ ನೀತಿ' ಎಂಬ ಪಾಠ ಬಂತೆಂದರೆ ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರುವಾಗುತ್ತದೆ. ಪಂಚಶೀಲ, ಅಲಿಪ್ತ ನೀತಿ, ಶೃಂಗಸಭೆ ಇವೆಲ್ಲ ಎರಡು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನ ಮರೆತುಬಿಡುವ ಶಬ್ದಗಳು. ಎಲ್ಲೋ ದೂರದ ರಾಜಧಾನಿಯಲ್ಲಿ ಯಾರೋ ಯಾರಿಗೋ ಕೈ ಕುಲುಕಿದರೆ ಪುತ್ತೂರು, ಸುಳ್ಯ, ಕಡಬದ ಗುಡ್ಡ-ಬೈಲುಗಳಿಗೆ ಏನಾಗಬೇಕು ಎಂದು ಹೆತ್ತವರೂ ಕೇಳಬಹುದು.

ಈ ಪ್ರಶ್ನೆಗೆ ಉತ್ತರ ಸುಳ್ಯದ ರಬ್ಬರ್ ತೋಟಗಳಲ್ಲೇ ಇದೆ. 1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಚಹಾ ತೋಟಗಳಿಗೆ ದುಡಿಯಲು ಹೋಗಿ ನೆಲೆಸಿದ್ದ ತಮಿಳು ಕಾರ್ಮಿಕರ ಸಂತತಿಯಲ್ಲಿ 5 ಲಕ್ಷ 25 ಸಾವಿರ ಮಂದಿಯನ್ನು ಭಾರತ ಕರೆಸಿಕೊಳ್ಳಬೇಕು, 3 ಲಕ್ಷ ಮಂದಿಗೆ ಸಿಲೋನ್ ಪೌರತ್ವ ಕೊಡಬೇಕು ಎಂಬುದು ಕರಾರು. ಹಾಗೆ ಬಂದವರಲ್ಲಿ ಒಂದು ಪಾಲು ಜನರಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ಕೆಲಸ ಮತ್ತು ಸೂರು ಸಿಕ್ಕಿತು. ಎರಡು ಸಹಿಗಳು ಸಾವಿರಾರು ಸಂಸಾರಗಳ ಊರನ್ನೇ ಬದಲಿಸಿದವು. ಮುಂಜಾನೆ ಎದ್ದು ರಬ್ಬರ್ ಮರಕ್ಕೆ ಕತ್ತಿ ಹಾಕುವ ಆ ಮನೆಗಳ ಮಕ್ಕಳು ಇವತ್ತು ಕನ್ನಡ ಶಾಲೆಗಳಲ್ಲಿ ಕಲಿಯುತ್ತಾರೆ. ಅವರ ಮಟ್ಟಿಗೆ ವಿದೇಶಾಂಗ ನೀತಿ ಎಂದರೆ ಅಜ್ಜ-ಅಜ್ಜಿಯ ಕತೆ.

ಅದೇ ತೋಟದಲ್ಲಿ ತೊಟ್ಟಿಕ್ಕುವ ಹಾಲಿನ ಬೆಲೆಯ ಹಿಂದೆ ಮತ್ತೊಂದು ದೇಶದ ನೀತಿಯೂ ಇದೆ. ಆ ದೇಶದ ಹೆಸರು ಇಂಡೋನೇಷ್ಯಾ.

ಐದಾರು ಬೆಳೆ, ಒಬ್ಬನೇ ಪೈಪೋಟಿಗಾರ

ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗವನ್ನು ವಾಸಿ ಮಾಡುವ ಔಷಧಿ ಇಲ್ಲ. ಸೋಗೆ ಹಳದಿಯಾಗುತ್ತಾ, ಫಸಲು ಇಳಿಯುತ್ತಾ ಹೋದ ಮೇಲೆ ಮನೆಯ ಜಗಲಿಯಲ್ಲಿ ಒಂದೇ ಚರ್ಚೆ: ಇನ್ನು ಏನು ನೆಡುವುದು? ರಬ್ಬರೇ, ಕಾಳುಮೆಣಸೇ, ಕೊಕ್ಕೊವೇ, ತೆಂಗೇ, ತಾಳೆಯೇ? ಮಗನ ಕಾಲೇಜು ಫೀಸು, ಮಗಳ ಮುಂದಿನ ಓದು ಎಲ್ಲವೂ ಈ ಉತ್ತರದ ಮೇಲೆಯೇ ನಿಂತಿರುತ್ತದೆ.

ಈಗ ಈ ಪಟ್ಟಿಯನ್ನು ಭೂಪಟದ ಪಕ್ಕದಲ್ಲಿಟ್ಟು ನೋಡಿದರೆ ಕುತೂಹಲದ ಸಂಗತಿ ತಿಳಿಯುತ್ತದೆ. ಸಹಜ ರಬ್ಬರ್ ಉತ್ಪಾದನೆಯಲ್ಲಿ ಥಾಯ್ಲೆಂಡಿನ ನಂತರದ ಸ್ಥಾನ ಇಂಡೋನೇಷ್ಯಾದ್ದು. ತೆಂಗಿನಲ್ಲಿ ಜಗತ್ತಿನ ಮೊದಲ ಮೂರು ದೇಶಗಳು ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮತ್ತು ಭಾರತ. ಏಷ್ಯಾದಲ್ಲಿ ಅತಿ ಹೆಚ್ಚು ಕೊಕ್ಕೊ ಬೆಳೆಯುವುದು ಇಂಡೋನೇಷ್ಯಾ. ತಾಳೆ ಎಣ್ಣೆಯಲ್ಲಿ ಲೋಕದ ಅರ್ಧಕ್ಕಿಂತ ಹೆಚ್ಚು ಪಾಲು ಅದರದ್ದು. ಕಾಳುಮೆಣಸು ಬೆಳೆಯುವ ದೇಶಗಳ ಅಂತಾರಾಷ್ಟ್ರೀಯ ಸಂಘಟನೆ 1972ರಲ್ಲಿ ಸ್ಥಾಪನೆಯಾಯಿತು. ಭಾರತವೂ ಸದಸ್ಯನಾಗಿರುವ ಅದರ ಕಚೇರಿ ಇರುವುದು ಜಕಾರ್ತದಲ್ಲಿ. 1969ರಲ್ಲಿ ಹುಟ್ಟಿದ ತೆಂಗು ಬೆಳೆಯುವ ದೇಶಗಳ ಸಂಘಟನೆಯ ಕೇಂದ್ರವೂ ಅಲ್ಲೇ. ಅಡಿಕೆಯನ್ನು ಹೊರದೇಶಗಳಿಗೆ ಕಳುಹಿಸುವುದರಲ್ಲೂ ಆ ದೇಶ ಮುಂದಿದೆ. ಆಮದು ಅಡಿಕೆಗೆ ಭಾರತ ಸರಕಾರ 2017ರಲ್ಲಿ ಕಿಲೋಗೆ 251 ರೂಪಾಯಿ, 2023ರಲ್ಲಿ 351 ರೂಪಾಯಿ ಕನಿಷ್ಠ ಬೆಲೆ ನಿಗದಿ ಮಾಡಿದ್ದು ಚಾಲಿ ಅಡಿಕೆಯ ಮಾರುಕಟ್ಟೆಯನ್ನು ಇಂತಹ ಅಗ್ಗದ ಅಡಿಕೆಯಿಂದ ಕಾಪಾಡುವುದಕ್ಕೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡೂ ಕಡೆ ಬಿಸಿಲು, ಮಳೆ, ಕೆಂಪು ಮಣ್ಣು. ಅಂಡಮಾನ್-ನಿಕೋಬಾರಿನ ದಕ್ಷಿಣ ತುದಿಯಿಂದ ಸುಮಾತ್ರಾ ದ್ವೀಪಕ್ಕೆ ಸುಮಾರು 160 ಕಿಲೋಮೀಟರ್. ಸುಳ್ಯದಿಂದ ಮೈಸೂರಿಗೆ ಹೋದಷ್ಟು ದೂರ. ರಬ್ಬರ್ ಅಮೆಜಾನಿನ ಕಾಡಿನಿಂದ ಬಂದದ್ದು, ಕೊಕ್ಕೊ ಸಹ ಅಮೆರಿಕ ಖಂಡದ್ದು. ಪಶ್ಚಿಮ ಆಫ್ರಿಕದ ತಾಳೆಯ ನಾಲ್ಕು ಸಸಿಗಳನ್ನು ಜಾವಾದ ಬೊಗೋರ್ ಸಸ್ಯೋದ್ಯಾನದಲ್ಲಿ ನೆಟ್ಟದ್ದು 1848ರಲ್ಲಿ. ವಸಾಹತು ಕಾಲದ ಹಡಗುಗಳು ಗಿಡಗಳನ್ನು ಸಾಗಿಸಿದವು, ಬೆಳೆಗಾರರನ್ನು ಒಂದೇ ಸಂತೆಗೆ ತಂದು ನಿಲ್ಲಿಸಿದವು. ಹಾಗಾಗಿ ಆ ದೇಶ ಜಗತ್ತಿನೊಡನೆ ಹೇಗೆ ವ್ಯವಹರಿಸುತ್ತದೆ ಎಂಬುದು ಪುತ್ತೂರಿನ ವಿದ್ಯಾರ್ಥಿಗೂ ತಿಳಿಯಬೇಕಾದ ವಿಷಯ.

ಎರಡು ಬಂಡೆಗಳ ನಡುವೆ ದೋಣಿ

17 ಸಾವಿರಕ್ಕೂ ಹೆಚ್ಚು ದ್ವೀಪಗಳು, ಸುಮಾರು 28 ಕೋಟಿ ಜನ, ನೂರಾರು ಭಾಷೆಗಳು. ಜನರಲ್ಲಿ ನೂರಕ್ಕೆ 87ರಷ್ಟು ಮಂದಿ ಮುಸ್ಲಿಮರು. 1945ರ ಆಗಸ್ಟ್ 17ರಂದು ಸುಕರ್ಣೊ ಮತ್ತು ಮೊಹಮ್ಮದ್ ಹತ್ತಾ ಸ್ವಾತಂತ್ರ್ಯ ಘೋಷಿಸಿದರೂ ಡಚ್ಚರು ಬಿಟ್ಟು ಹೋಗಲು ಒಪ್ಪಲಿಲ್ಲ. ನಾಲ್ಕು ವರ್ಷ ಹೋರಾಟ ನಡೆಯಿತು. ಆ ಹೊತ್ತಿನಲ್ಲಿ ಒಡಿಶಾದ ಬಿಜು ಪಟ್ನಾಯಕ್ ತಮ್ಮ ಡಕೋಟಾ ವಿಮಾನ ಹಾರಿಸಿಕೊಂಡು ಹೋಗಿ, ಡಚ್ಚರ ಕಣ್ಣು ತಪ್ಪಿಸಿ ಇಂಡೋನೇಷ್ಯಾದ ನಾಯಕ ಸುತಾನ್ ಶಹರೀರ್ ಅವರನ್ನು 1947ರಲ್ಲಿ ಹೊರಗೆ ಕರೆತಂದರು. 1949ರ ಜನವರಿಯಲ್ಲಿ ಜವಾಹರಲಾಲ್ ನೆಹರೂ ದೆಹಲಿಯಲ್ಲಿ ಏಷ್ಯಾದ ದೇಶಗಳ ಸಮ್ಮೇಳನ ಕರೆದು ಡಚ್ಚರ ಮೇಲೆ ಒತ್ತಡ ತಂದರು. ಆ ವರ್ಷದ ಡಿಸೆಂಬರ್ 27ರಂದು ಹಾಲೆಂಡ್ ಮಣಿಯಿತು. ಮರು ತಿಂಗಳು, 1950ರ ಜನವರಿ 26ರಂದು, ಭಾರತದ ಮೊದಲ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದವರು ಅಧ್ಯಕ್ಷ ಸುಕರ್ಣೊ.

ಆ ದೇಶದ ವಿದೇಶಾಂಗ ನೀತಿಯ ಬೀಜ 1948ರ ಸೆಪ್ಟೆಂಬರ್ 2ರ ಒಂದು ಭಾಷಣದಲ್ಲಿದೆ. ಅಮೆರಿಕ ಒಂದು ಕಡೆ, ಸೋವಿಯತ್ ಒಕ್ಕೂಟ ಇನ್ನೊಂದು ಕಡೆ. ಯಾರ ಜತೆ ಸೇರಬೇಕು ಎಂಬ ಪ್ರಶ್ನೆಗೆ ಹತ್ತಾ ಅವರು ಕೊಟ್ಟ ಉತ್ತರ, ಎರಡು ಬಂಡೆಗಳ ನಡುವೆ ದೋಣಿ ಹುಟ್ಟು ಹಾಕಿದಂತೆ ಸಾಗಬೇಕು ಎಂಬುದು. ಮಳೆಗಾಲದ ಕುಮಾರಧಾರೆಯಲ್ಲಿ ದೋಣಿ ದಾಟಿಸಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಬಂಡೆಗೂ ಒರಗುವಂತಿಲ್ಲ, ಕೈಕಟ್ಟಿ ಕುಳಿತುಕೊಳ್ಳುವಂತೆಯೂ ಇಲ್ಲ. ಇದಕ್ಕೆ ಅಲ್ಲಿಯವರು ಇಟ್ಟ ಹೆಸರಿನ ಅರ್ಥ 'ಸ್ವತಂತ್ರ ಮತ್ತು ಸಕ್ರಿಯ'. ಕೋಣಗಳೆರಡು ಕಾದಾಡಿದರೆ ನಡುವಿನ ಗಿಡಕ್ಕೆ ಕೇಡು ಎಂಬ ಮಾತು ಕನ್ನಡದಲ್ಲೂ ಉಂಟು. ಗಿಡ ಓಡಿಹೋಗಲಾರದು, ಆದರೆ ಬೇರು ಗಟ್ಟಿ ಮಾಡಿಕೊಂಡು, ಸುತ್ತಲಿನ ಗಿಡಗಳ ಜತೆ ಸೇರಿ ಬೇಲಿಯಾಗಬಹುದು.

ಬೇಲಿ ಕಟ್ಟುವ ಕೆಲಸ 1955ರ ಏಪ್ರಿಲ್ 18ರಿಂದ 24ರವರೆಗೆ ಜಾವಾದ ಬಾಂಡುಂಗ್ ನಗರದಲ್ಲಿ ನಡೆಯಿತು. ಏಷ್ಯಾ ಮತ್ತು ಆಫ್ರಿಕದ 29 ದೇಶಗಳು, ಹೆಚ್ಚಿನವು ಆಗತಾನೇ ಸ್ವತಂತ್ರವಾದವು, ಬಿಳಿಯರ ಯಜಮಾನಿಕೆ ಇಲ್ಲದೆ ಒಂದೇ ಸಭಾಂಗಣದಲ್ಲಿ ಕುಳಿತವು. ನೆಹರೂ, ಚೀನಾದ ಚೌ ಎನ್‌ಲಾಯ್, ಈಜಿಪ್ಟಿನ ನಾಸರ್ ಎಲ್ಲರೂ ಅಲ್ಲಿದ್ದರು. 1961ರಲ್ಲಿ ಬೆಲ್‌ಗ್ರೇಡಿನಲ್ಲಿ ರೂಪುಗೊಂಡ ಅಲಿಪ್ತ ಚಳವಳಿಗೆ ದಾರಿ ತೋರಿಸಿದ್ದು ಈ ಸಭೆ.

ಎಡವಿದ ಹೆಜ್ಜೆಗಳು

ಇಷ್ಟು ಓದಿ ಇಂಡೋನೇಷ್ಯಾ ಎಂದೂ ತಪ್ಪು ಮಾಡದ ದೇಶ ಎಂದುಕೊಂಡರೆ ಅದು ಅರ್ಧ ಪಾಠ. ನೆರೆಯಲ್ಲಿ ಮಲೇಷ್ಯಾ ಹುಟ್ಟಿಕೊಂಡದ್ದು ಸುಕರ್ಣೊ ಅವರಿಗೆ ಸಹಿಸಲಾಗಲಿಲ್ಲ. 1963ರಿಂದ 1966ರವರೆಗೆ ಗಡಿಯಲ್ಲಿ ಕಾಳಗ ನಡೆಯಿತು. ಮಲೇಷ್ಯಾಕ್ಕೆ ಭದ್ರತಾ ಮಂಡಳಿಯಲ್ಲಿ ಸ್ಥಾನ ಸಿಕ್ಕಿತೆಂಬ ಸಿಟ್ಟಿನಲ್ಲಿ 1965ರ ಜನವರಿಯಲ್ಲಿ ಇಂಡೋನೇಷ್ಯಾ ವಿಶ್ವಸಂಸ್ಥೆಯಿಂದಲೇ ಹೊರನಡೆಯಿತು. ಅದೇ ವರ್ಷ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಪಾಕಿಸ್ತಾನದ ಪರ ನಿಂತು ಹಳೆಯ ಸ್ನೇಹವನ್ನೂ ಕೆಡಿಸಿಕೊಂಡಿತು. ದೇಶದೊಳಗೆ 1965-66ರಲ್ಲಿ ಕಮ್ಯುನಿಸ್ಟರೆಂಬ ಆರೋಪದ ಮೇಲೆ ಲಕ್ಷಾಂತರ ಜನರ ಹತ್ಯೆಯಾಯಿತು. ಸೇನಾನಿ ಸುಹಾರ್ತೊ ಅಧಿಕಾರಕ್ಕೆ ಬಂದರು.

ಹೊಸ ಸರಕಾರ 1966ರಲ್ಲಿ ವಿಶ್ವಸಂಸ್ಥೆಗೆ ಮರಳಿತು. ನಿನ್ನೆಯವರೆಗೆ ಬಂದೂಕು ಹಿಡಿದಿದ್ದ ಮಲೇಷ್ಯಾದ ಜತೆ, ಥಾಯ್ಲೆಂಡ್, ಫಿಲಿಪ್ಪೀನ್ಸ್, ಸಿಂಗಾಪುರವನ್ನೂ ಸೇರಿಸಿಕೊಂಡು 1967ರ ಆಗಸ್ಟ್ 8ರಂದು ಬ್ಯಾಂಕಾಕಿನಲ್ಲಿ 'ಆಸಿಯಾನ್' ಕೂಟ ಸ್ಥಾಪಿಸಿತು. ಕೂಟದ ಸಚಿವಾಲಯ ಇರುವುದು ಜಕಾರ್ತದಲ್ಲಿ. ಮನೆಯ ಸುತ್ತಲಿನವರೊಡನೆ ಜಗಳವಿದ್ದರೆ ಊರಿಗೆ ದೊಡ್ಡವನಾಗಲಾಗದು ಎಂಬ ಬುದ್ಧಿ ಮೂರು ವರ್ಷದ ಕಾಳಗದ ಬಳಿಕ ಬಂತು.

ಆದರೂ 1975ರ ಡಿಸೆಂಬರಿನಲ್ಲಿ ಪುಟ್ಟ ಪೂರ್ವ ತಿಮೋರಿನ ಮೇಲೆ ಸೇನೆ ನುಗ್ಗಿಸಿ 24 ವರ್ಷ ಹಿಡಿದಿಟ್ಟುಕೊಂಡಿತು. ವಸಾಹತುಶಾಹಿಯ ವಿರುದ್ಧ ಬಾಂಡುಂಗಿನಲ್ಲಿ ದನಿ ಎತ್ತಿದ ದೇಶವೇ ಇನ್ನೊಬ್ಬರ ಯಜಮಾನನಾದದ್ದು ಅದರ ಚರಿತ್ರೆಯ ಕಪ್ಪು ಪುಟ. 1999ರ ಆಗಸ್ಟ್ 30ರ ಜನಮತದಲ್ಲಿ ತಿಮೋರಿನ ಜನ ಸ್ವಾತಂತ್ರ್ಯ ಆರಿಸಿಕೊಂಡರು, 2002ರಲ್ಲಿ ಹೊಸ ದೇಶ ಹುಟ್ಟಿತು. ಅದೇ ತಿಮೋರ್ 2025ರ ಅಕ್ಟೋಬರಿನಲ್ಲಿ ಆಸಿಯಾನಿನ 11ನೆಯ ಸದಸ್ಯನಾಯಿತು. ಅದರ ಸೇರ್ಪಡೆಯನ್ನು ಬೆಂಬಲಿಸಿದವರಲ್ಲಿ ಇಂಡೋನೇಷ್ಯಾವೂ ಇತ್ತು.

ಧರ್ಮ ಎಷ್ಟು, ಲೆಕ್ಕಾಚಾರ ಎಷ್ಟು?

ಇಷ್ಟು ಮುಸ್ಲಿಮರಿರುವ ದೇಶದ ವಿದೇಶಾಂಗ ನೀತಿಯನ್ನು ಧರ್ಮವೇ ನಡೆಸುತ್ತದೆಯೆ? ಮಕ್ಕಳು ಕೇಳುವ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಶಬ್ದದ ಉತ್ತರವಿಲ್ಲ. ಇಂಡೋನೇಷ್ಯಾದ ಸಂವಿಧಾನ ಇಸ್ಲಾಮನ್ನು ರಾಜ್ಯಧರ್ಮವೆಂದು ಸಾರಿಲ್ಲ. ಐದು ತತ್ತ್ವಗಳ 'ಪಂಚಶೀಲ' ಅದರ ಅಡಿಗಲ್ಲು. ರಾಷ್ಟ್ರ ಲಾಂಛನ ಗರುಡ. ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಜಾವಾದ ಮುಸ್ಲಿಂ ಕಲಾವಿದರು ತೊಗಲುಗೊಂಬೆಗಳಲ್ಲಿ ಬೆಳಗಿನ ತನಕ ಆಡಿಸುತ್ತಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಪರಕೀಯ ಎನಿಸದು.

ಪ್ಯಾಲೆಸ್ತೀನ್ ವಿಷಯದಲ್ಲಿ ಮಾತ್ರ ಆ ದೇಶ ಗಟ್ಟಿ. ಇಸ್ರೇಲಿನೊಡನೆ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿಲ್ಲ. 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟ ನಡೆದಾಗ ಇಸ್ರೇಲ್ ಮತ್ತು ತೈವಾನಿನ ಆಟಗಾರರಿಗೆ ಪ್ರವೇಶ ಕೊಡಲಿಲ್ಲ. ಇದನ್ನು ಆಕ್ಷೇಪಿಸಿದ ಭಾರತದ ಕ್ರೀಡಾಡಳಿತಗಾರ ಜಿ.ಡಿ. ಸೋಂಧಿ ಅವರ ಮೇಲೆ ಅಲ್ಲಿನ ಜನ ಕೆರಳಿದರು, ಭಾರತದ ರಾಯಭಾರ ಕಚೇರಿಗೆ ದಾಳಿಯಾಯಿತು. ಆ ಗದ್ದಲದ ನಡುವೆಯೇ ಭಾರತದ ಫುಟ್ಬಾಲ್ ತಂಡ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಒಲಿಂಪಿಕ್ ಸಮಿತಿ 1963ರಲ್ಲಿ ಇಂಡೋನೇಷ್ಯಾವನ್ನು ಅಮಾನತಿನಲ್ಲಿಟ್ಟಿತು. ಅರುವತ್ತು ವರ್ಷಗಳ ನಂತರ, 2023ರಲ್ಲಿ, 20 ವರ್ಷದೊಳಗಿನವರ ವಿಶ್ವಕಪ್ ಫುಟ್ಬಾಲಿಗೆ ಇಸ್ರೇಲ್ ಅರ್ಹತೆ ಪಡೆದಾಗ ಮತ್ತೆ ವಿರೋಧ ಎದ್ದಿತು. ಪಂದ್ಯಾವಳಿ ಅರ್ಜೆಂಟೀನಾಕ್ಕೆ ಹೋಯಿತು. ಆ ಸಲ ಇಸ್ರೇಲ್ ತಂಡ ಬೇಡವೆಂದು ಮೊದಲೇ ಹೇಳಿದವರಲ್ಲಿ ಹಿಂದೂಗಳೇ ಹೆಚ್ಚಿರುವ ಬಾಲಿಯ ರಾಜ್ಯಪಾಲರೂ ಒಬ್ಬರು. ಪ್ಯಾಲೆಸ್ತೀನ್ ಅಲ್ಲಿ ಧರ್ಮದ ವಿಷಯವಷ್ಟೇ ಅಲ್ಲ, ಬಾಂಡುಂಗಿನ ಕಾಲದ ವಸಾಹತು ವಿರೋಧದ ಮುಂದುವರಿಕೆ ಎಂಬುದು ಇದರಿಂದ ತಿಳಿಯುತ್ತದೆ. ಬೆಲೆ ತೆತ್ತವರು ಮಾತ್ರ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಅಲ್ಲಿನ ಹುಡುಗರು.

ಇನ್ನೊಂದು ಉದಾಹರಣೆ ನೋಡಬೇಕು. ಚೀನಾದ ಉಯಿಗುರ್ ಮುಸ್ಲಿಮರ ಸ್ಥಿತಿಗತಿಯನ್ನು ಚರ್ಚಿಸಬೇಕೇ ಎಂದು 2022ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ಮತ ಹಾಕಿದಾಗ ಇಂಡೋನೇಷ್ಯಾ ಬೇಡ ಎಂದಿತು. ಚೀನಾ ಅದರ ದೊಡ್ಡ ವ್ಯಾಪಾರದ ಗೆಳೆಯ. ರೋಹಿಂಗ್ಯಾ ನಿರಾಶ್ರಿತರ ದೋಣಿಗಳು 2015ರಲ್ಲಿ ಆಚೆ ತೀರಕ್ಕೆ ಬಂದಾಗ ಬೆಸ್ತರೇ ಕಡಲಿಗಿಳಿದು ಅವರನ್ನು ಉಳಿಸಿದರು. 2023ರ ಡಿಸೆಂಬರಿನಲ್ಲಿ ಅದೇ ಆಚೆಯಲ್ಲಿ ವಿದ್ಯಾರ್ಥಿಗಳ ಗುಂಪೊಂದು ನಿರಾಶ್ರಿತರ ಆಸರೆಗೆ ನುಗ್ಗಿ ಅವರನ್ನು ಹೊರಹಾಕಲು ಒತ್ತಾಯಿಸಿತು. ಧರ್ಮ ಒಂದೇ ಆದರೂ ನಡೆ ಬೇರೆ ಬೇರೆ. ಯಾವುದೇ ದೇಶವನ್ನು ಅದರ ಜನರ ಧರ್ಮದಿಂದ ಮಾತ್ರ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ.

ನೀರಿಗೂ ಗಡಿಕಲ್ಲು

ಭೂಮಿಯ ಗಡಿಗಾಗಿ ಅಣ್ಣ-ತಮ್ಮ ಜಗಳವಾಡುವುದು ಊರಲ್ಲಿ ಎಲ್ಲರೂ ಕಂಡದ್ದು. ಇಂಡೋನೇಷ್ಯಾದ ಜಗಳ ನೀರಿನ ಗಡಿಯದ್ದು. ಡಚ್ಚರ ಕಾನೂನಿನ ಪ್ರಕಾರ ಪ್ರತಿ ದ್ವೀಪದ ಸುತ್ತ ಮೂರು ಮೈಲಿ ಮಾತ್ರ ದೇಶದ ನೀರು. ಕಾಗದದ ಮೇಲೆ ಹತ್ತಾರು ಚುಕ್ಕೆಗಳನ್ನಿಟ್ಟು ಪ್ರತಿಯೊಂದರ ಸುತ್ತ ಸಣ್ಣ ವೃತ್ತ ಎಳೆದರೆ ನಡುವೆ ಎಷ್ಟು ಜಾಗ ಖಾಲಿ ಉಳಿಯುತ್ತದೆ? ಆ ಖಾಲಿ ಜಾಗದಲ್ಲಿ ಯಾವ ದೇಶದ ಯುದ್ಧನೌಕೆಯೂ ಓಡಾಡಬಹುದಿತ್ತು. ಅಂದರೆ ದೇಶದ ಹೊಟ್ಟೆಯೊಳಗೇ ಪರರ ದಾರಿ. 1957ರ ಡಿಸೆಂಬರ್ 13ರಂದು ಪ್ರಧಾನಿ ಜುವಾಂಡಾ ಬೇರೆ ರೇಖಾಗಣಿತ ಹೂಡಿದರು: ಅತಿ ಹೊರಗಿನ ಚುಕ್ಕೆಗಳಿಗೆ ದಾರ ಸುತ್ತಿ, ಒಳಗಿರುವುದೆಲ್ಲ ತಮ್ಮದು ಎಂದರು. ದೊಡ್ಡ ದೇಶಗಳು ಒಪ್ಪಲಿಲ್ಲ. ಇಂಡೋನೇಷ್ಯಾದ ಪ್ರತಿನಿಧಿಗಳು ಸಭೆಯಿಂದ ಸಭೆಗೆ ಹೋಗಿ ಕಾಲು ಶತಮಾನ ವಾದ ಮಾಡಿದರು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು 'ದ್ವೀಪಸಮೂಹ ರಾಷ್ಟ್ರ'ದ ಈ ತತ್ತ್ವವನ್ನು ಮಾನ್ಯ ಮಾಡಿತು, 1994ರಲ್ಲಿ ಅದು ಜಾರಿಗೆ ಬಂತು. ಒಂದು ಗುಂಡು ಹಾರಿಸದೆ ಒಂದು ದೇಶ ತನ್ನ ಕಡಲನ್ನು ಗೆದ್ದ ಕತೆ ಇದು. ಭಾರತದೊಡನೆ ಕಡಲ ತಳದ ಗಡಿಯನ್ನೂ 1974 ಮತ್ತು 1977ರ ಒಪ್ಪಂದಗಳಲ್ಲಿ ಜಗಳವಿಲ್ಲದೆ ಬಗೆಹರಿಸಿಕೊಂಡಿತು. ಉತ್ತರದಲ್ಲಿ ನತೂನಾ ದ್ವೀಪಗಳ ಬಳಿ ಚೀನಾದೊಡನೆ ತಿಕ್ಕಾಟ ಮಾತ್ರ ಮುಗಿದಿಲ್ಲ.

ಎಣ್ಣೆ ನಿಂತ 25 ದಿನ

ಈಗ ಮರಳಿ ಅಡುಗೆಮನೆಗೆ. 2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ನಿಷೇಧಿಸಿತು. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯ ಸರಬರಾಜು ಕೆಟ್ಟು ಎಲ್ಲ ಎಣ್ಣೆಗಳಿಗೂ ಬೆಲೆ ಏರಿದ್ದ ಕಾಲ. ಲೋಕಕ್ಕೆಲ್ಲ ಎಣ್ಣೆ ಕೊಡುವ ದೇಶದಲ್ಲೇ ಗೃಹಿಣಿಯರು ಎಣ್ಣೆಗೆ ಸರದಿ ನಿಲ್ಲುವಂತಾಗಿತ್ತು. ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಕೊಳ್ಳುವ ಭಾರತಕ್ಕೆ ಬಿಸಿ ತಟ್ಟಿತು. ಹೋಟೆಲಿನ ಬಾಣಲೆ, ಬಿಸ್ಕತ್ತು, ಸಾಬೂನು ಎಲ್ಲಕ್ಕೂ ಬೇಕಾದದ್ದು ಆ ಎಣ್ಣೆ.

ಅಲ್ಲಿನ ರೈತರಿಗೆ ಇದರಿಂದ ಒಳಿತಾಯಿತೆ? ಇಲ್ಲ. ಹೊರಗೆ ಮಾರುವ ದಾರಿ ಮುಚ್ಚಿದೊಡನೆ ತಾಳೆ ಗೊನೆಯ ಬೆಲೆ ಕುಸಿಯಿತು. ಸಣ್ಣ ಬೆಳೆಗಾರರು ಜಕಾರ್ತದಲ್ಲಿ ಪ್ರತಿಭಟನೆ ನಡೆಸಿದರು. ಮೇ 23ರಂದು ನಿಷೇಧ ಎತ್ತಲಾಯಿತು. ಅದೇ ಮೇ 13ರಂದು ಭಾರತವೂ ಗೋಧಿ ರಫ್ತನ್ನು ನಿಷೇಧಿಸಿತ್ತು ಎಂಬುದನ್ನು ಮರೆಯಬಾರದು. ಕೊಳ್ಳುವವನಿಗೆ ಅಗ್ಗವಾಗಬೇಕು, ಬೆಳೆಯುವವನಿಗೆ ಬೆಲೆ ಬರಬೇಕು. ಎರಡನ್ನೂ ಒಟ್ಟಿಗೆ ತೂಗುವ ತಕ್ಕಡಿ ಯಾವ ಸರಕಾರದ ಬಳಿಯೂ ಸರಿಯಾಗಿಲ್ಲ.

ರಬ್ಬರಿನದ್ದೂ ಇಂತಹುದೇ ಪಾಠ. ಥಾಯ್ಲೆಂಡ್, ಇಂಡೋನೇಷ್ಯಾ, ಮಲೇಷ್ಯಾ 2001ರಲ್ಲಿ ಬಾಲಿಯಲ್ಲಿ ಸೇರಿ ಒಂದು ಮಂಡಳಿ ಮಾಡಿಕೊಂಡವು. ಬೆಲೆ ಬಿದ್ದಾಗ ಮೂವರೂ ರಫ್ತು ತಗ್ಗಿಸುವುದು ಅದರ ಉಪಾಯ. 2019ರಲ್ಲಿ ನಾಲ್ಕು ತಿಂಗಳಿಗೆ 2 ಲಕ್ಷ 40 ಸಾವಿರ ಟನ್ ಕಡಿತಕ್ಕೆ ಒಪ್ಪಿಕೊಂಡವು. ಇದರ ಗಾಳಿ ಸುಳ್ಯದ ರಬ್ಬರ್ ಸೊಸೈಟಿಯ ಬೆಲೆ ಹಲಗೆಗೂ ತಾಗುತ್ತದೆ. ಆದರೆ ಟಯರ್ ಕಂಪನಿಗಳ ಬೇಡಿಕೆ, ಕಚ್ಚಾ ತೈಲದಿಂದ ತಯಾರಾಗುವ ಕೃತಕ ರಬ್ಬರಿನ ದರ ಇವುಗಳ ಮುಂದೆ ಮೂರು ದೇಶಗಳ ಒಗ್ಗಟ್ಟೂ ಸದಾ ಸಾಲುವುದಿಲ್ಲ.

ಭಾರತ ಮತ್ತು ಆಸಿಯಾನ್ 2009ರ ಆಗಸ್ಟ್ 13ರಂದು ಸರಕು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿ, 2010ರಿಂದ ಅದು ಜಾರಿಯಾದಾಗ ಕೇರಳ ಮತ್ತು ಕರಾವಳಿಯ ಬೆಳೆಗಾರರು ಆತಂಕಪಟ್ಟದ್ದು ಇದೇ ಕಾರಣಕ್ಕೆ. ಸುಂಕ ಇಳಿದರೆ ಅಗ್ಗದ ಮಾಲು ನುಗ್ಗುತ್ತದೆ. ಮಾತುಕತೆಯಲ್ಲಿ ಸಹಜ ರಬ್ಬರನ್ನು ಸುಂಕ ಕಡಿತದಿಂದ ಹೊರಗಿಡಲಾಯಿತು. ಕಾಳುಮೆಣಸು, ಕಾಫಿ, ಚಹಾ, ತಾಳೆ ಎಣ್ಣೆಯನ್ನು 'ವಿಶೇಷ ವಸ್ತು'ಗಳೆಂದು ಗುರುತಿಸಿ ಸುಂಕವನ್ನು ಮೆಲ್ಲನೆ ಇಳಿಸಲು ಒಪ್ಪಲಾಯಿತು. ಈ ಒಂದೊಂದು ಸಾಲಿನ ಹಿಂದೆಯೂ ಎಷ್ಟೋ ದಿನಗಳ ಚೌಕಾಸಿ ಇರುತ್ತದೆ. ಇಂತಹ ಮೇಜಿನ ಮುಂದೆ ಕುಳಿತುಕೊಳ್ಳುವವನಿಗೆ ಮೆಣಸಿನ ಬಳ್ಳಿ ಯಾವ ತಿಂಗಳಲ್ಲಿ ಕರೆ ಬಿಡುತ್ತದೆ ಎಂಬುದೂ ಗೊತ್ತಿದ್ದರೆ ಒಳ್ಳೆಯದು.

ನಿಕಲ್ ಮತ್ತು ಚಾಕಲೇಟು

ಇಂಡೋನೇಷ್ಯಾ ಈಗ ಹಿಡಿದಿರುವ ದಾರಿಯನ್ನು ಪುತ್ತೂರಿನವರು ಬೇಗ ಅರ್ಥ ಮಾಡಿಕೊಂಡಾರು. ವಿದ್ಯುತ್ ವಾಹನಗಳ ಬ್ಯಾಟರಿಗೆ ಮತ್ತು ಸ್ಟೇನ್‌ಲೆಸ್ ಉಕ್ಕಿಗೆ ನಿಕಲ್ ಬೇಕು. ಅದರ ಅತಿ ದೊಡ್ಡ ಉತ್ಪಾದಕ ಇಂಡೋನೇಷ್ಯಾ. 2020ರ ಜನವರಿ 1ರಿಂದ ಆ ದೇಶ ನಿಕಲ್ ಅದಿರಿನ ರಫ್ತನ್ನು ನಿಲ್ಲಿಸಿತು: ಮಣ್ಣು ಕೊಡುವುದಿಲ್ಲ, ಬೇಕಾದರೆ ಇಲ್ಲೇ ಕುಲುಮೆ ಹಾಕಿ ಲೋಹ ಮಾಡಿ ಕೊಂಡುಹೋಗಿ ಎಂಬ ಧೋರಣೆ. ಯುರೋಪಿಯನ್ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2022ರ ತೀರ್ಪು ಇಂಡೋನೇಷ್ಯಾಕ್ಕೆ ವಿರುದ್ಧವಾಯಿತು, ಅದು ಮೇಲ್ಮನವಿ ಹಾಕಿತು. ಈ ನಡುವೆ ಚೀನಾದ ಬಂಡವಾಳದಿಂದ ಸುಲವೇಸಿ ದ್ವೀಪದಲ್ಲಿ ಕುಲುಮೆಗಳು ಸಾಲುಗಟ್ಟಿದವು.

ಪುತ್ತೂರಿನ ಕೆಮ್ಮಿಂಜೆಯ ಚಾಕಲೇಟು ಕಾರ್ಖಾನೆಯ ಹಿಂದಿದ್ದ ವಿಚಾರವೂ ಇಂತಹುದೇ. ಕೊಕ್ಕೊ ಬೆಳೆಯಿರೆಂದು ಹುರಿದುಂಬಿಸಿದ ಮೇಲೆ ಬೆಲೆ ಬಿದ್ದು, ಕೊಳ್ಳುವವರು ಹಿಂದೆ ಸರಿದಾಗ ರೈತರು ಕಂಗೆಟ್ಟರು. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಕೊಕ್ಕೊ ಖರೀದಿಗೂ ಇಳಿಯಿತು. ಬೀಜ ಮಾರುವುದಕ್ಕಿಂತ ಚಾಕಲೇಟು ಮಾರುವುದು ಲೇಸೆಂದು 1986ರಲ್ಲಿ ಕಾರ್ಖಾನೆಯನ್ನೇ ಕಟ್ಟಿತು. ಇಂಡೋನೇಷ್ಯಾ ಕೊಕ್ಕೊ ಬೀಜದ ರಫ್ತಿಗೆ ತೆರಿಗೆ ಹಾಕಿ ಒಳಗಿನ ಕಾರ್ಖಾನೆಗಳಿಗೆ ಒತ್ತು ಕೊಟ್ಟದ್ದು 2010ರಲ್ಲಿ. ವ್ಯತ್ಯಾಸವೂ ಇದೆ: ಪುತ್ತೂರಿನಲ್ಲಿ ಮಾಲೀಕರು ಬೆಳೆಗಾರರೇ. ಸುಲವೇಸಿಯ ಕುಲುಮೆಗಳು ಓಡುವುದು ಕಲ್ಲಿದ್ದಲಿನ ವಿದ್ಯುತ್ತಿನಿಂದ. ಹೊಗೆ, ಕೆಸರು, ಅಪಘಾತಗಳ ಹೊರೆ ಅಲ್ಲಿನ ಹಳ್ಳಿಗರಿಗೆ. ಹಸಿರು ವಾಹನದ ಹಿಂದೆ ಎಷ್ಟು ಕಪ್ಪು ಹೊಗೆ ಇದೆ ಎಂಬ ಲೆಕ್ಕವನ್ನೂ ವಿಜ್ಞಾನದ ವಿದ್ಯಾರ್ಥಿ ಹಾಕಬೇಕು.

ಹೊರಗೆ ದುಡಿಯುವವರು

ಪುತ್ತೂರು, ಸುಳ್ಯದ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿಯ ದುಡಿಮೆಯಿಂದ. ಇಂಡೋನೇಷ್ಯಾದ ಲಕ್ಷಾಂತರ ಮಹಿಳೆಯರೂ ಅಲ್ಲಿಗೆ ಮನೆಗೆಲಸಕ್ಕೆ ಹೋದವರು. 2011ರ ಜೂನ್ ತಿಂಗಳಲ್ಲಿ ಸೌದಿ ಅರೇಬಿಯಾದಲ್ಲಿ ಅಂತಹ ಒಬ್ಬ ಕೆಲಸದಾಕೆಗೆ ಮರಣದಂಡನೆಯಾಯಿತು. ಸ್ವಂತ ದೇಶದ ರಾಯಭಾರ ಕಚೇರಿಗೂ ಮುಂಚಿತವಾಗಿ ತಿಳಿಸಿರಲಿಲ್ಲವೆಂದು ಇಂಡೋನೇಷ್ಯಾ ಕೆರಳಿತು. ಆ ಆಗಸ್ಟಿನಿಂದ ಸೌದಿಗೆ ಮನೆಗೆಲಸದವರನ್ನು ಕಳುಹಿಸುವುದನ್ನೇ ನಿಲ್ಲಿಸಿತು. 2015ರಲ್ಲಿ ನಿಷೇಧವನ್ನು 21 ದೇಶಗಳಿಗೆ ವಿಸ್ತರಿಸಿತು. ಧರ್ಮದ ಬಾಂಧವ್ಯವೂ, ಬರುವ ಹಣವೂ ಆ ನಿರ್ಧಾರವನ್ನು ತಡೆಯಲಿಲ್ಲ. ನಿಷೇಧದ ಬಳಿಕವೂ ಕಳ್ಳದಾರಿಯಲ್ಲಿ ಹೋದವರು ಇನ್ನಷ್ಟು ಕಷ್ಟಕ್ಕೆ ಸಿಕ್ಕಿದ್ದೂ ನಿಜ. 2014ರಿಂದ 2024ರವರೆಗೆ ವಿದೇಶಾಂಗ ಸಚಿವೆಯಾಗಿದ್ದ ರೆಟ್ನೊ ಮರ್ಸುದಿ, ಆ ಹುದ್ದೆಗೇರಿದ ಅಲ್ಲಿನ ಮೊದಲ ಮಹಿಳೆ, ಹೊರದೇಶದಲ್ಲಿರುವ ಪ್ರಜೆಗಳ ರಕ್ಷಣೆಯನ್ನು ನೀತಿಯ ಮುಖ್ಯ ಆದ್ಯತೆಗಳಲ್ಲಿ ಒಂದಾಗಿ ಇರಿಸಿದರು.

ಭಾರತದಲ್ಲೂ ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿದ ಪಟ್ಟಿಯ ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಸರಕಾರದ ವಲಸೆ ಅನುಮತಿ ಪಡೆಯಬೇಕು. ಪಾಸಾದವರಿಗೆ ಆ ತಪಾಸಣೆ ಇಲ್ಲ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ ಪಾಸ್‌ಪೋರ್ಟಿನ ಮೇಲಿನ ಮುದ್ರೆಯನ್ನೂ ತೀರ್ಮಾನಿಸುತ್ತದೆ ಎಂಬುದು ಹೆತ್ತವರು ನೆನಪಿಡಬೇಕಾದ ಮಾತು.

ಇಂದಿನ ದೋಣಿ

2022ರಲ್ಲಿ ಜಿ-20 ಕೂಟದ ಅಧ್ಯಕ್ಷತೆ ಇಂಡೋನೇಷ್ಯಾದ್ದಾಗಿತ್ತು. ಅಧ್ಯಕ್ಷ ಜೋಕೊ ವಿಡೊಡೊ ಜೂನ್ ಕೊನೆಯಲ್ಲಿ ಉಕ್ರೇನಿನ ಕೀವ್‌ಗೂ, ಮರುದಿನವೇ ಮಾಸ್ಕೋಗೂ ಹೋಗಿಬಂದರು. ಯುದ್ಧ ನಿಲ್ಲಲಿಲ್ಲ. ಆದರೆ ನವೆಂಬರಿನಲ್ಲಿ ಬಾಲಿಯ ಸಭೆ ಮುರಿದುಬೀಳದೆ ಒಂದು ಜಂಟಿ ಹೇಳಿಕೆಯೊಂದಿಗೆ ಮುಗಿಯಿತು. ಅಧ್ಯಕ್ಷತೆ ಅಲ್ಲಿಂದ ಭಾರತಕ್ಕೆ ಬಂತು. ಮ್ಯಾನ್ಮಾರಿನ ಸೇನಾಡಳಿತವನ್ನು ಒಪ್ಪಿಸಲು 2021ರ ಏಪ್ರಿಲಿನಲ್ಲಿ ಜಕಾರ್ತದಲ್ಲಿ ಆಸಿಯಾನ್ ಮಾಡಿದ ಐದು ಅಂಶಗಳ ಸೂತ್ರ ಮಾತ್ರ ಕಾಗದದಲ್ಲೇ ಉಳಿಯಿತು. 2024ರ ಅಕ್ಟೋಬರ್ 20ರಂದು ಪ್ರಬೋವೊ ಸುಬಿಯಾಂತೊ ಅಧ್ಯಕ್ಷರಾದರು. ಮರುವರ್ಷದ ಜನವರಿಯಲ್ಲಿ ಇಂಡೋನೇಷ್ಯಾ ಬ್ರಿಕ್ಸ್ ಕೂಟದ ಪೂರ್ಣ ಸದಸ್ಯನಾಯಿತು. ಶ್ರೀಮಂತ ದೇಶಗಳೇ ಹೆಚ್ಚಿರುವ ಇನ್ನೊಂದು ಕೂಟವಾದ ಒಇಸಿಡಿ ಸೇರುವ ಮಾತುಕತೆಯನ್ನೂ 2024ರಿಂದಲೇ ಆರಂಭಿಸಿತ್ತು. ಒಂದು ಕೈ ಈ ದಡಕ್ಕೆ, ಒಂದು ಕೈ ಆ ದಡಕ್ಕೆ. ಹತ್ತಾ ಅವರ ದೋಣಿ ಈಗಲೂ ಬಂಡೆಗಳ ನಡುವೆಯೇ. 2025ರ ಜನವರಿ 26ರಂದು ದೆಹಲಿಯ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದವರು ಪ್ರಬೋವೊ. ಸುಕರ್ಣೊ ಬಂದು ಅಂದಿಗೆ ಸರಿಯಾಗಿ 75 ವರ್ಷ.

ಕಿದುವಿನ ತೆಂಗು

ಇಷ್ಟೆಲ್ಲ ಪೈಪೋಟಿ, ಚೌಕಾಸಿಯ ನಡುವೆ ಕೂಡಿ ಬಾಳುವ ದಾರಿ ಇಲ್ಲವೆ? ಅದನ್ನು ನೋಡಲು ಕಡಬ ತಾಲೂಕಿನ ನೆಟ್ಟಣದ ಬಳಿಯ ಕಿದುವಿಗೆ ಹೋಗಬೇಕು. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಆ ತೋಟದಲ್ಲಿ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯಕ್ಕಾಗಿ ಮೀಸಲಾದ ಅಂತಾರಾಷ್ಟ್ರೀಯ ತೆಂಗಿನ ತಳಿ ಸಂಗ್ರಹವಿದೆ. ಜಗತ್ತಿನಲ್ಲಿ ಇಂತಹ ಐದು ಸಂಗ್ರಹಗಳನ್ನು ಹಂಚಲಾಗಿದೆ: ಭಾರತ, ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಐವರಿ ಕೋಸ್ಟ್ ಮತ್ತು ಬ್ರೆಜಿಲ್. ತೆಂಗಿನ ಬೀಜವನ್ನು ಭತ್ತದಂತೆ ಡಬ್ಬಿಯಲ್ಲಿ ವರ್ಷಗಟ್ಟಲೆ ಕೂಡಿಡಲಾಗದು, ಮರವಾಗಿಯೇ ಉಳಿಸಬೇಕು. ರೋಗ ದಾಟಿ ಬರಬಾರದೆಂದು ಇಡೀ ಕಾಯಿಯ ಬದಲು ಅದರೊಳಗಿನ ಭ್ರೂಣವನ್ನು ಮಾತ್ರ ಬೇರ್ಪಡಿಸಿ, ಪ್ರಯೋಗಾಲಯದ ಕೊಳವೆಯಲ್ಲಿ ಬೆಳೆಸುವ ವಿಧಾನವಿದೆ. ಹಿಂದೂ ಮಹಾಸಾಗರದ ದ್ವೀಪಗಳ ತಳಿಗಳೂ ಕಿದುವಿನ ಮಣ್ಣಿನಲ್ಲಿ ಬೇರು ಬಿಟ್ಟಿವೆ. ಯಾವುದೋ ದೇಶದ ತೆಂಗಿಗೆ ನಾಳೆ ಮಾರಕ ರೋಗ ಬಂದರೆ ಅದನ್ನು ಎದುರಿಸುವ ತಳಿ ಇಲ್ಲಿಂದಲೇ ಹೋಗಬೇಕಾಗಬಹುದು. ಸುಳ್ಯದ ಅಡಿಕೆಯ ಹಳದಿ ರೋಗಕ್ಕೂ ಉತ್ತರ ಬಂದರೆ ಇಂತಹದ್ದೇ ಕೊಡುಕೊಳ್ಳುವಿಕೆಯಿಂದ ಬಂದೀತು.

ಇದೂ ವಿದೇಶಾಂಗ ನೀತಿಯೇ. ಅದರ ಹಿಂದೆ ದೇಶಗಳ ಒಪ್ಪಂದವಿದೆ, ನಂಬಿಕೆಯಿದೆ, ಬಿಸಿಲಲ್ಲಿ ಮರ ಹತ್ತಿ ಹೂಗೊಂಚಲು ಕಟ್ಟುವ ಕೆಲಸಗಾರನ ಬೆವರೂ ಇದೆ. ಮುಂದಿನ ಸಲ ಮಗ ಅಥವಾ ಮಗಳು ಈ ಪಾಠ ಓದುತ್ತಾ ಆಕಳಿಸಿದರೆ ಹೆತ್ತವರು ಒಂದು ಕೆಲಸ ಮಾಡಬಹುದು: ಪತ್ರಿಕೆಯಲ್ಲಿ ಬರುವ ರಬ್ಬರ್, ಮೆಣಸು, ಅಡಿಕೆಯ ಇಂದಿನ ಧಾರಣೆಯನ್ನು ತೋರಿಸಿ, ಈ ಅಂಕಿಯನ್ನು ಬರೆದವರು ಯಾರೆಂದು ಕೇಳಬಹುದು. ಉತ್ತರ ಹುಡುಕುತ್ತಾ ಹೊರಟ ಮಗು ಸುಳ್ಯದಿಂದ ಹೊರಟು ಜಕಾರ್ತ ಸುತ್ತಿ ಮನೆಗೆ ಬರುತ್ತದೆ. ಒಂದು ದಿನ ಆ ಮಾತುಕತೆಯ ಮೇಜಿನ ಮುಂದೆ ಕುಳಿತುಕೊಳ್ಳುವವರಲ್ಲಿ ಅದೂ ಒಂದಾಗಬಾರದೆಂದೇನೂ ಇಲ್ಲ.